ದೇವದುರ್ಗಕ್ಕ ಹೋಗೋ ಬಸ್ಸು

ಪರದೇಶ ಪ್ರವಾಸ ಅಂದಕೂಡಲೆ ಹಡಗು, ಸಮುದ್ರ, ಬಿಳೀ ಮಂದಿ ಅಂತ ಕಣ್ಣು ಅಗಲ ಮಾಡಿಕೊಂಡು ಕೂಡಬ್ಯಾಡರಿ. ನಾ ಹೋಗಿದ್ದು ರಾಯಚೂರಿಗೆ. ಗದಗಿನವರಿಗೆ ಅದ್ಯಾವ ಪರದೇಶ ಅಂತ ವಾದಕ್ಕ ನಿಲ್ಲೋರು ಒಂದ ಸಲ ಹೋಗಿ ಬರಬೇಕು. ರೈಲು ತುಂಗಭದ್ರಾ ಸೇತುವಿ ದಾಟಿತೋ ಇಲ್ಲೋ, ಅರಸ ಬ್ಯಾರೆ, ನಾಣ್ಯ ಬ್ಯಾರೆ, ಕಚೇರಿ ಭಾಷಾ ಬ್ಯಾರೆ. ಮಂದಿ ಆಡೋದು ಮಾತ್ರ ನಮ್ಮ ಕನ್ನಡನ. ನಾವು "ಐತಿ" ಅಂದರ ಅವರು "ಅದ" ಅಂತಾರ, ಅಷ್ಟ ಫರಕು.

ನಾನು ಗದಗಿನ ಪ್ಯಾಟ್ಯಾಗ ಗಡಿಯಾರ ರಿಪೇರಿ ಮಾಡಾವ. ಸ್ವಲ್ಪ ಸಿಟ್ಟಿನ ಮನಷ್ಯಾ ಅಂತ ಊರಿಗೆಲ್ಲ ಗೊತ್ತು. ಹತ್ತಕ್ಕ ಬರತೀನಿ ಅಂದಾವ ಹತ್ತೂ ಹತ್ತಕ್ಕ ಬಂದರ ನಾ ಅವನ ಜೋಡಿ ಮಾತಾಡೂದಿಲ್ಲ. ಇಂಥಾವನ್ನ ನಿಜಾಮರ ಸೀಮಿ ಬಸ್ಸಿನಾಗ ಕೂಡಿಸಿದ್ದು ನನ್ನ ತಂಗಿ ಗೌರವ್ವ.

ಗೌರಾ ಇಪ್ಪತ್ತು ತುಂಬೂದರಾಗ ಗಂಡನ್ನ ಕಳಕೊಂಡು ನಮ್ಮನಿಗೆ ಬಂದಾಕಿ. ಮೂಲ್ಯಾಗ ಕೂತು ಬತ್ತಿ ಹೊಸಿಯೋದು ಆಕಿ ಹಣೇದಾಗ ಬರದಿಲ್ಲ ಅಂತ ನಾನ ಆಕಿನ್ನ ಮಿಶನ್ ದವಾಖಾನಿಗೆ ಕಳಿಸಿ ಹೆರಿಗಿ ಕೆಲಸ ಕಲಿಸಿದೆ. ಕಲಿತ ಮ್ಯಾಲೆ ಆಕಿ ನನ್ನ ಮಾತು ಕೇಳದ ರಾಯಚೂರು ಜಿಲ್ಲಾದ ದೇವದುರ್ಗಕ್ಕ ನೌಕರಿಗೆ ಹೋದಳು. ಮೂರು ವರ್ಷ ಆತು. ಈಗ ನನ್ನ ಮಗಳು ಸರೋಜಗ ರಾಣೇಬೆನ್ನೂರಿನ ಜವಳಿ ವ್ಯಾಪಾರಸ್ಥರ ಮನಿ ಸಂಬಂಧ ಕೂಡಿ ಬಂದಿತ್ತು. ಹುಡುಗನ ತಂದಿ ನಮ್ಮನಿ ಪಡಸಾಲ್ಯಾಗ ಕೂತು ಎಲಿ ಅಡಿಕಿ ಹಾಕ್ಕೊಂಡು, ಹುಡುಗಿ ಛಲೋ ಅದಾಳ, ಆದರ ಹುಡುಗಿ ಅತ್ತಿ ವಿಧವಿ ಆಗಿ ಊರೂರು ತಿರಗತಾಳಂತ, ಕಂಡಕಂಡವರ ಮನಿ ಹೊಕ್ಕು ಬಾಣಂತನ ಮಾಡತಾಳಂತ, ಆಕಿನ್ನ ಮನಿಗೆ ಕರಕೊಂಡು ಬರ್ರಿ, ಆಮ್ಯಾಲೆ ನಿಶ್ಚಯ ಮಾಡೋಣು ಅಂದರು. ನನ್ನ ಹೆಂಡತಿ ಒಳಗಿಂದ ಬಾಗಿಲ ಚಿಲಕ ಸಪ್ಪಳ ಮಾಡಿದಳು, ಅಂದರ ಹ್ಞೂ ಅನ್ನು ಅಂತ. ನಾ ಹ್ಞೂ ಅಂದೆ. ಗೌರಾನ ನೌಕರಿ ಬಿಡಿಸೋ ಅರ್ಜಿ ನಾನ ಬರದು, ಕಿಸೆದಾಗ ಇಟಗೊಂಡು ರೈಲು ಹತ್ತಿದೆ.

ರಾಯಚೂರು ಸ್ಟೇಶನ್

ಇಳದಕೂಡಲೆ ಸುಂಕದ ಸಿಪಾಯಿ ನನ್ನ ಚೀಲ ಬಿಚ್ಚಿಸಿದ. ಮ್ಯಾಲೆ ತಂಗಿಗೆ ಅಂತ ಕಟ್ಟಿದ ಶೇಂಗಾ ಹೋಳಿಗಿ, ಕೆಳಗ ನನ್ನ ಚಿಮಟಾ, ಸಣ್ಣ ತಿರುಪುಳಿ, ಕಣ್ಣಿಗೆ ಹಚ್ಚೋ ಭೂತಗನ್ನಡಿ. ಇವೆಲ್ಲಾ ಯಾಕ ಅಂತ ಕೇಳಿದ. ಹೇಳಿದೆ. ಅಂವ ಆಕಡೆ ಈಕಡೆ ನೋಡಿ ತನ್ನ ಕಿಸೆದಾಗಿನ ಗಡಿಯಾರ ತಗದು ನನ್ನ ಕೈಯಾಗ ಇಟ್ಟ. ಅಲ್ಲೇ ಬೆಂಚಿನ ಮ್ಯಾಲೆ ಕೂತು ಬಿಚ್ಚಿ, ಧೂಳು ಊದಿ, ನಡಿಯೂ ಹಂಗ ಮಾಡಿ ಕೊಟ್ಟೆ. ಪರರಾಜ್ಯದಾಗ ಕಾಲಿಟ್ಟ ಕಾಲು ತಾಸಿನಾಗ ಒಂದು ಗಡಿಯಾರ ದಾರಿಗೆ ತಂದೆ ಅಂತ ಮನಸ್ಸಿನಾಗ ಬೀಗಿದೆ. ಆ ಬೀಗುವಿಕಿ ಸ್ಟೇಶನ್ ಹೊರಗ ಬರೋತನಕ ಅಷ್ಟ ಇತ್ತು.

ಮೊದಲ ಜಿಲ್ಲಾ ದವಾಖಾನಿಗಳ ದೊಡ್ಡ ಡಾಕ್ಟರ ಕಚೇರಿಗೆ ಹೋಗಿ ಅರ್ಜಿ ಕೊಡಬೇಕಾಗಿತ್ತು. ಸ್ಟೇಶನ್ನಿನಿಂದ ಊರಾಗ ತಿರುಗೋ ಬಸ್ಸು ನಿಂತಿತ್ತು. ಕಂಡಕ್ಟರಗ ಕೇಳಿದೆ. ಭಜಿ ಹಣಮವ್ವ ಕೂಡೋ ಜಾಗಾದಾಗ ಇಳೀರಿ, ಎದುರಿಗೇ ಕಚೇರಿ ಅದ ಅಂದ. ನಮ್ಮ ಗದಗಿನಾಗ ಬಸ್ಸು ನಿಲ್ಲೋ ಜಾಗಾಕ್ಕ ಒಂದು ಕಲ್ಲರ ಇರತೈತಿ, ಕಂಬರ ಇರತೈತಿ. ಇಲ್ಲಿ ಒಬ್ಬಾಕಿ ಮುದುಕಿ. ಆಗಲಿ ಅಂತ ಕಿಟಕಿಗೆ ಮುಖ ಹಚ್ಚಿ ಕೂತೆ. ಕ್ವಾಟಿ ಗ್ವಾಡಿ ಹೋತು, ಮಾವಿನಕೆರಿ ಹೋತು, ಮಸೀದಿ ಹೋತು, ತರಕಾರಿ ಸಂತಿ ಹೋತು. ಭಜಿ ಕರಿಯೋ ಮುದುಕಿ ಎಲ್ಲೂ ಕಾಣಲಿಲ್ಲ. ಬಸ್ಸು ತಿರುಗಿ ಸ್ಟೇಶನ್ನಿಗೇ ಬಂತು. ಕಂಡಕ್ಟರ್ ನನ್ನ ನೋಡಿ, ಇಳೀಲಿಲ್ಲೇನ್ರಿ ಅಂದ, ತಪ್ಪು ನಂದ ಅನ್ನೋಹಂಗ.

ಮತ್ತ ಕೂತೆ. ಈ ಸಲ ಮಸೀದಿ ಬಾಗಲದ ಬಾಜೂಕ ಆಗಷ್ಟ ಹೊತ್ತಿಸಿದ ಒಲಿ ಹೊಗಿ ಕಂಡು, ಬಾಣಲಿ ಕಂಡು, ಮುದುಕಿ ಕಂಡು, ನಿಲ್ಲಸ್ರಿ ಅಂತ ಒದರಿ ಇಳದೆ. ಕಚೇರಿ ಎಲ್ಲೈತಬೇ ಅಂತ ಹಣಮವ್ವನ್ನ ಕೇಳಿದೆ. ಆಕಿ ಭಜಿ ತಿರುವುತ್ತ, ಅದು ಹಿಂದ ಉಳೀತಲ್ಲ ಯಪ್ಪಾ, ಒಂದು ಮೈಲಿ ಆಗತದ ಅಂದಳು. ಉಳಿದ ಆರು ದಿನ ಆಕಿ ಕಚೇರಿ ಮುಂದ ಕೂಡತಾಳಂತ. ಶುಕ್ರವಾರ ನಮಾಜಿಗೆ ಬರೋ ಮಂದಿ ಸಲುವಾಗಿ ಮಸೀದಿ ಕಡೆ ಬರತಾಳಂತ. ಆಕಿ ಎಲ್ಲಿ ಕೂಡತಾಳೋ ಬಸ್ಸು ಅಲ್ಲಿ ನಿಲ್ಲತದಂತ, ಕಂಡಕ್ಟರಗೂ ಡ್ರೈವರಗೂ ಭಜಿ ಬೇಕಲ್ಲ. ರಾಯಚೂರಾಗ ಬಸ್ ಸ್ಟಾಪಿಗೆ ಸುದ್ದಾ ಕಾಲು ಇರತಾವ ಅಂತ ನನಗ ಗೊತ್ತಿರಲಿಲ್ಲ. ಬಿಸಿಲಾಗ ಆ ಒಂದು ಮೈಲಿ ಬೈಕೋತ ನಡದೆ. ಬೈಗುಳ ಕನ್ನಡದಾಗ ಇದ್ದದ್ದರಿಂದ ಎಲ್ಲಾರಿಗೂ ತಿಳೀತು, ಯಾರೂ ಬ್ಯಾಸರ ಮಾಡಕೋಲಿಲ್ಲ.

ಕಚೇರಿಗೆ ಬೀಗ. ಪಾಯರಿ ಮೆಟ್ಟಲ ಮ್ಯಾಲೆ ಕೂತಿದ್ದ ಕಾವಲುಗಾರ, ಇವತ್ತು ಜುಮ್ಮಾ ಅಲ್ಲೇನ್ರಿ, ನಾಳೆ ಬರ್ರಿ ಅಂದ. ನಿಜಾಮರ ಸೀಮಿಯಾಗ ಶುಕ್ರವಾರ ಸೂಟಿ. ನಾನು ಜಾಣ, ರವಿವಾರ ಕಚೇರಿ ಮುಚ್ಚಿರತೈತಿ, ಅದರೊಳಗ ಮುಗಿಸಿಬಿಡಬೇಕು ಅಂತ ಗುರುವಾರ ರೈಲು ಹತ್ತಿ ಬಂದಾವ. ನಮ್ಮ ಕಡಿಯವರು ಎಲ್ಲಾರೂ ಇದ ತಪ್ಪು ಮಾಡತಾರ್ರಿ ಅಂತ ಕಾವಲುಗಾರ ಸಮಾಧಾನ ಹೇಳಿದ. ಅರ್ಜಿ ಆಮ್ಯಾಲೆ ಕೊಟ್ಟರಾತು, ಮೊದಲ ತಂಗಿ ಸಹಿ ಹಾಕಿಸಿಕೊಂಡು ಬರೋಣು ಅಂತ ದೇವದುರ್ಗದ ಬಸ್ಸು ಹುಡುಕಿಕೋತ ಹೊಂಟೆ.

ಮಾನವಿ

ಬಸ್ಸಿನ ಹಣೀ ಮ್ಯಾಲಿನ ಫಲಕ ಉರ್ದುದಾಗ. ನನಗ ಅದು ಇರವಿ ಸಾಲು. ದೇವದುರ್ಗಕ್ಕ ಹೋಗತೈತೇನ್ರಿ ಅಂದೆ. ಹೋಗತದ, ಹತ್ತರಿ ಅಂದರು. ಹತ್ತಿದೆ. ಆಗ ಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಪೀಪಾಯಿ ಕಟ್ಟಿ, ಅದರಾಗ ಇದ್ದಲಿ ಉರಿಸಿ, ಆ ಹೊಗಿಯಿಂದ ಗಾಡಿ ಓಡಸ್ತಿದ್ದರು. ನಮ್ಮ ಕಡೀನೂ ಇಂಥಾವು ಅದಾವ, ಆದರ ನಮ್ಮವು ಏರು ಬಂದರ ಬರೇ ಕೆಮ್ಮತಾವ. ಇದು ಏರು ಬರೂಕಿಂತ ಮೊದಲ ನಿಂತುಬಿಡತಿತ್ತು. ಪರದೆ ಹಿಂದ ಕೂತ ಹೆಣ್ಣುಮಕ್ಕಳನ್ನ ಬಿಟ್ಟು ಎಲ್ಲಾರೂ ಇಳದು ದಬ್ಬಿದೆವು. ಕೋಟು, ಟೊಪಿಗಿ ಹಾಕ್ಕೊಂಡು ನಾನೂ ದಬ್ಬಿದೆ.

ಮಧ್ಯಾಹ್ನಕ್ಕ ಬಸ್ಸು ಒಂದು ಊರಾಗ ನಿಂತು ಎಲ್ಲಾರೂ ಇಳದರು. ದೇವದುರ್ಗ ಬಂತು ಅಂತ ಚೀಲ ಹೊತಗೊಂಡೆ. ಇದು ಮಾನವಿರಿ ಅಂದರು. ಸೀದಾ ಹೋಗೋ ಬಸ್ಸು ವಾರದಿಂದ ಕೆಟ್ಟು ಕೂತಿತ್ತಂತ, ಈ ಒಂದ ಬಸ್ಸು ಮಾನವಿ, ಮಲ್ಲಟ ಎಲ್ಲಾ ಸುತ್ತಿ ಇಳಿಹೊತ್ತಿಗೆ ದೇವದುರ್ಗ ಮುಟ್ಟತದಂತ. ಹೋಗತದ ಅಂದದ್ದು ಸುಳ್ಳಲ್ಲ, ಹೆಂಗ ಹೋಗತದ ಅಂತ ನಾ ಕೇಳಿರಲಿಲ್ಲ. ಡ್ರೈವರ್ ಮೌಲಾಸಾಬ ಅಂತ, ನಡು ವಯಸ್ಸಿನ ಗಟ್ಟಿ ಆಳು, ಊಟ ಮಾಡಿ ಇದ್ದಲಿ ಚೀಲದ ಮ್ಯಾಲೆ ಕಣ್ಣು ಮುಚ್ಚಿಬಿಟ್ಟ. ಪೀಪಾಯಿ ಆರಬೇಕು, ಬೂದಿ ತಗೀಬೇಕು, ಮತ್ತ ಹೊತ್ತಿಸಬೇಕು, ಅಲ್ಲೀತನಕ ಅಂವ ಏಳೂದಿಲ್ಲ. ನಾನು ಗಡಿಯಾರ ಹಿಡಕೊಂಡು ಅವನ ತಲಿಕಡೆ ನಿಂತು ಎಷ್ಟು ನಿಮಿಷ ಆತು ಅಂತ ಎರಡು ಸಲ ಒದರಿದೆ. ಮೂರನೇ ಸಲಕ್ಕ ಜೊತಿಗಿದ್ದ ಮಂದಿ ನನಗ ನೆಳ್ಳಾಗ ಜಾಗಾ ಮಾಡಿ, ಕಟಕ ರೊಟ್ಟಿ, ಕೆಂಪು ಖಾರ ಕೊಟ್ಟು ಬಾಯಿ ಮುಚ್ಚಿಸಿದರು. ಖಾರ ಅಂದರ ಖಾರ, ನಮ್ಮ ಬ್ಯಾಡಗಿ ಮೆಣಸಿನಕಾಯಿ ಅದರ ಮುಂದ ಸಕ್ಕರಿ.

ತಿನ್ನುತ್ತ ತಿನ್ನುತ್ತ ಎಲ್ಲಾ ಕೇಳಿದರು. ಯಾವೂರು, ಏನು ಉದ್ಯೋಗ, ಎಷ್ಟು ಮಕ್ಕಳು. ದೇವದುರ್ಗದಾಗ ಯಾರದಾರ್ರಿ ಅಂತಲೂ ಕೇಳಿದರು. ಗುರುತಿನವರು ಅಂದೆ. ಸ್ವಂತ ತಂಗಿನ್ನ ಗುರುತಿನವರು ಅಂದೆ. ಯಾರರ ಕೇಳಿ, ವಿಧವಿ ತಂಗಿ ನೌಕರಿ ಮಾಡತಾಳ ಅಂತ ಹೇಳಬೇಕಾಗತೈತಲ್ಲ ಅಂತ ನನಗ ನಾಚಿಕಿ.

ಮಲ್ಲಟದ ಬೇವಿನ ಮರ

ಮಾನವಿ ಬಿಟ್ಟ ಮ್ಯಾಲೆ ಮೌಲಾಸಾಬ ಹೊಸಾ ಆಟ ಹೂಡಿದ. ಹಳ್ಳಿ ಬಂದಾಗೊಮ್ಮೆ ದಾರಿ ಮಗ್ಗಲದ ಬೇವಿನ ಮರದ ಕೆಳಗ ಬಸ್ಸು ನಿಧಾನ ಮಾಡೋದು, ತಲಿ ಹೊರಗ ಹಾಕಿ ಟೊಂಗಿ ನೋಡೋದು, ಮತ್ತ ಹೊಂಡೋದು. ಇಳಿಯೋರಿಲ್ಲ, ಹತ್ತೋರಿಲ್ಲ. ಒಂದು ಹಳ್ಳ್ಯಾಗ ಗಿಡ ಆ ಮಗ್ಗಲಿಗಿತ್ತು ಅಂತ ಇಳದು ಹೋಗಿ ನೋಡಿ ಬಂದ. ಹಕ್ಕಿ ಗೂಡು ಎಣಸಾಕ ಬಂದೀ ಏನು ಅಂತ ನಾ ಹಿಂದಿಂದ ರೇಗಿದೆ. ಅಂವ ತಿರುಗಿ ಸುದ್ದಾ ನೋಡಲಿಲ್ಲ.

ಮಲ್ಲಟದ ಗಿಡಕ್ಕ ಒಂದು ಬಿಳೀ ಅರಿವಿ ಕಟ್ಟಿತ್ತು. ಅದನ್ನ ಕಂಡಕೂಡಲೆ ಬಸ್ಸು ನಿಂತಿತು. ಗಿಡದ ಕೆಳಗ ಒಬ್ಬಾವ ರೈತ ಎರಡೂ ಕೈ ತಲಿ ಮ್ಯಾಲೆ ಇಟಗೊಂಡು ಕುಕ್ಕರಗಾಲಿಲೆ ಕೂತಿದ್ದ. ಮೌಲಾಸಾಬ ಯಾವಾಗಿಂದ ಅಂತ ಕೇಳಿದ, ಅಂವ ಹೊತ್ತು ಹೊಂಟಾಗಿಂದ ಅಂದ. ಅಷ್ಟ ಮಾತು. ಆಮ್ಯಾಲೆ ಮೌಲಾಸಾಬ ಆ ಹಳೇ ಗಾಡಿ ಓಡಿಸಿದ ರೀತಿ ನೋಡಿದರ, ಮಾನವ್ಯಾಗ ಮಲಗಿದ್ದಾವ ಇವನ ಏನು ಅನ್ನಬೇಕು. ನನ್ನ ತಲಿ ಎರಡು ಸಲ ಮ್ಯಾಲಿನ ತಗಡಿಗೆ ಬಡೀತು. ಮನಷ್ಯಾರನ್ನ ತುಂಬೀದೋ, ಕಟಿಗಿ ತುಂಬೀದೋ ಅಂತ ಕೇಳಿದೆ.

"ಮಲ್ಲಟದಾಗ ಹೆಣಮಗಳು ನೋವಿಲೆ ಒದ್ದಾಡಾಕತ್ತಾಳ್ರಿ ಸಾಹುಕಾರ್ರ. ದೇವದುರ್ಗದ ದವಾಖಾನ್ಯಾಗ ಹೆರಿಗಿ ಮಾಡಸೋ ಬಾಯಾರನ್ನ ತಂದು ಬಿಡಬೇಕು. ಹೊತ್ತು ಮುಳಗೂದರಾಗ ತಂದ್ರ ಇಬ್ಬರೂ ಉಳೀತಾರ."

ಅಂವ ಗಾಡಿ ಓಡಿಸಿಕೋತ ಹೇಳಿದ. ಈ ಹಳ್ಳಿಗಳಿಗೆ ತಾರು ಇಲ್ಲ, ಹೇಳಿ ಕಳಸಾಕ ಕುದುರಿ ಇಲ್ಲ. ಬಾಯಾರು ಬಂದ ಹೊಸದರಾಗ ಒಂದು ದಿನ ಈ ಬಸ್ಸಿನ್ಯಾಗ ಕೂತು ಊರೂರಿಗೆ ಇಳದು, ಹೆರಿಗಿ ಕಷ್ಟ ಆತು ಅಂದ್ರ ದಾರಿ ಗಿಡಕ್ಕ ಬಿಳೀ ಅರಿವಿ ಕಟ್ಟರಿ, ಬಸ್ಸಿನವರು ನನಗ ಹೇಳತಾರ ಅಂತ ಹೆಂಗಸರಿಗೆಲ್ಲ ಹೇಳಿ ಬಂದರಂತ. ಬಸ್ಸಿನವರನ್ನ ಕೇಳಿರಲೇ ಇಲ್ಲಂತ. ಮೊದಮೊದಲು ಇವನಿಗೂ ಸಿಟ್ಟು ಬಂದಿತ್ತು, ನನ್ನಂಗ. ಆಮ್ಯಾಲೆ ಇವನ ಹೆಂಡತಿದ ಕೂಸು ಅಡ್ಡಾಗಿ, ಬಾಯಾರು ಒಂದು ಹಗಲು ಪೂರ್ತಿ ಅನ್ನ ನೀರು ಬಿಟ್ಟು ಕೂತು ಇಬ್ಬರನ್ನೂ ಉಳಿಸಿ ಕೊಟ್ಟರಂತ. ಅವತ್ತಿನಿಂದ ಗಿಡ ನೋಡೂದು ನಾ ತಪ್ಪಿಸಿಲ್ರಿ ಅಂದ. ಬಾಯಾರ ಹೆಸರು ಏನಂತ ಕೇಳಬೇಕಂದೆ, ಧೈರ್ಯ ಆಗಲಿಲ್ಲ. ಗೊತ್ತಿದ್ದ ಹೆಸರು ಕೇಳೋದು ಯಾಕ.

ದೇವದುರ್ಗ

ಊರ ಬಾಗಲದಿಂದನ ಮೌಲಾಸಾಬ ಹಾರ್ನು ಒತ್ತಿ ಹಿಡದ. ದವಾಖಾನಿ ಮುಂದ ಬಸ್ಸು ನಿಲ್ಲೂದರಾಗ ಗೌರಾ ಚೀಲ ಹಿಡಕೊಂಡು ಪಾಯರಿ ಇಳದಾಗಿತ್ತು. ಬಿಳೀ ಸೀರಿ, ಕಾಲಾಗ ಗಂಡಸರ ಹಂಗ ಚಪ್ಪಲಿ. ಮೂರು ವರ್ಷದಾಗ ಕರ್ರಗಾಗಿದ್ದಳು, ಕುತಗಿ ಮಾತ್ರ ನೆಟ್ಟಗಾಗಿತ್ತು. ನನ್ನ ನೋಡಿ ಒಂದು ಗಳಿಗಿ ನಿಂತಳು.

"ಅಣ್ಣಾ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ? ಹಂಗಾದ್ರ ಇಳೀಬ್ಯಾಡ, ಕೂಡು. ಮಾತು ದಾರ್ಯಾಗ ಆಡೋಣು."

ಇಡೀ ದಿನ ದೇವದುರ್ಗ ದೇವದುರ್ಗ ಅಂತ ಜಪ ಮಾಡಿಕೋತ ಬಂದಾವ, ಊರ ಮಣ್ಣು ಮೆಟ್ಟದ ತಿರುಗಿ ಮಲ್ಲಟಕ್ಕ ಹೊಂಟೆ. ದೇವದುರ್ಗದವರು ಇಳದು, ಮಾನವಿಗೆ ಹೋಗೋ ಮಂದಿ ಹತ್ತಿ ಗಾಡಿ ತುಂಬಿತ್ತು. ಯಾರೂ ಚಕಾರ ಎತ್ತಲಿಲ್ಲ, ಸರದು ಆಕಿಗೆ ಜಾಗಾ ಮಾಡಿದರು. ಗದಗಿನ ಬಸ್ಸಿನಾಗ ವಿಧವಿ ಎದುರು ಬಂದರ ಕೆಲವರು ಇಳದು ಮುಂದಿನ ಬಸ್ಸಿಗೆ ಹೋಗತಾರ. ಇಲ್ಲಿ ಒಬ್ಬಾಕಿ ಮುತ್ತೈದಿ ತನ್ನ ಕೂಸು ತಗದು ಆಕಿ ತೊಡಿ ಮ್ಯಾಲೆ ಇಟ್ಟಳು.

ಆ ಸಪ್ಪಳದಾಗ ಆಕಿ ಕಿವಿಗೆ ಬಾಯಿ ಹಚ್ಚಿ ಎಲ್ಲಾ ಹೇಳಿದೆ. ಸರೋಜನ ಸಂಬಂಧ, ಬೀಗರ ಮಾತು, ಕಿಸೆದಾಗಿನ ಅರ್ಜಿ. ಆಕಿ ಜಗಳ ಮಾಡತಾಳ ಅಂತ ಉತ್ತರ ಕಟಗೊಂಡು ಬಂದಿದ್ದೆ. ಜಗಳ ಮಾಡಲಿಲ್ಲ. ತೊಡಿ ಮ್ಯಾಲಿನ ಕೂಸಿನ ಕಾಲು ಹಿಡಕೊಂಡಳು.

"ನನ್ನ ದೆಸಿಯಿಂದ ಹುಡುಗಿ ಲಗ್ನ ನಿಲ್ಲಬಾರದಣ್ಣಾ. ಬರತೀನಿ. ಇವತ್ತಿಂದು ಮುಗೀಲಿ, ಸಹಿ ಹಾಕತೀನಿ."

ಬಂದ ಕೆಲಸ ಆತು. ಆದರ ನನಗ ಖುಷಿ ಆಗಲಿಲ್ಲ.

ಮಲ್ಲಟ, ಎರಡನೇ ಸಲ

ಗೌರಾ ಆ ರೈತನ ಮನಿ ಹೊಕ್ಕು ಬಾಗಲಾ ಹಾಕ್ಕೊಂಡಳು. ಬಸ್ಸು ಗಿಡದ ಕೆಳಗ ನಿಂತಿತು. ಮಂದಿ ಇಳದು ನೆಳ್ಳಾಗ ಕೂತರು. ಹೊಂಡೋಣು ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೌಲಾಸಾಬ ಪೀಪಾಯ್ಯಾಗಿನ ಬೆಂಕಿ ಆರದಂಗ ಒಂದೊಂದ ಹಿಡಿ ಇದ್ದಲಿ ಹಾಕ್ಕೋತ ನಿಂತಿದ್ದ. ಒಳಗಿಂದ ಒಮ್ಮೆ ಹೆಣಮಗಳ ಚೀರಾಟ ಕೇಳಸತಿತ್ತು, ಒಮ್ಮೆ ಗೌರಾನ ಧ್ವನಿ. ಮನ್ಯಾಗ ಎದುರು ಮಾತಾಡದ ಹುಡುಗಿ ಅಲ್ಲಿ ಸುಭೇದಾರನಂಗ ಹುಕುಂ ಮಾಡಾಕತ್ತಿದ್ದಳು, ಬಿಸಿನೀರು ತಾ, ಆಕಿನ್ನ ಹಿಡಿ, ನೀ ಅಳಬ್ಯಾಡ, ಹೊರಗ ಹೋಗು. ಆಮ್ಯಾಲೆ ಬಾಳ ಹೊತ್ತು ಏನೂ ಕೇಳಸಲಿಲ್ಲ. ಆ ರೈತ ನನ್ನ ಮಗ್ಗಲದಾಗ ಕೂತು ನನ್ನ ಕೋಟಿನ ಅಂಚು ಹಿಡದಿದ್ದ, ಹಿಡದದ್ದು ಅವನಿಗೆ ಖಬರ ಇರಲಿಲ್ಲ. ನಾ ಬಿಡಿಸಿಕೊಳ್ಳಲಿಲ್ಲ.

ಹೊತ್ತು ಮುಳಗಾಕ ಇನ್ನೂ ಒಂದು ಮಾರು ಇತ್ತು, ಕೂಸು ಅತ್ತಿತು. ಬಾಗಲಾ ತಗದು ಗೌರಾ ಹೊರಗ ಬಂದಳು. ಮೊಣಕೈತನಕ ಒದ್ದಿ, ಮುಖದ ಮ್ಯಾಲೆ ಬೆವರು. ತಾಯಿ ಆರಾಮ, ಹೆಣ್ಣು ಕೂಸು ಅಂತ ರೈತಗ ಹೇಳಿ, ನನ್ನ ಕಡೆ ತಿರುಗಿ ಟೈಮ್ ಎಷ್ಟಾತು ಅಂತ ಕೇಳಿದಳು, ಕೂಸು ಹುಟ್ಟಿದ್ದು ಬರಕೋಬೇಕಂತ. ಐದು ಗಂಟೆ ಮ್ಯಾಲೆ ನಲವತ್ತೆರಡು ನಿಮಿಷ ಅಂದೆ. ಆ ರೈತ ಅಲ್ಲೇ ಧೂಳಾಗ ಆಕಿ ಕಾಲಿಗೆ ಬಿದ್ದ. ಆಕಿ ಅವನಿಗೆ ಎದ್ದು ಹೋಗಿ ಮಗಳ ಮುಖ ನೋಡು ಅಂತ ಬೈದಳು.

ನಾ ಹೇಳತೀನಿ ಕೇಳ್ರಿ, ನನ್ನ ಜನ್ಮದಾಗ ನಾ ಅಷ್ಟು ಬೀಗಿದ್ದಿಲ್ಲ. ಮಗಳು ಹುಟ್ಟಿದಾಗ ಸಂತೋಷ ಆಗಿತ್ತು, ಅಂಗಡಿ ತಗದಾಗ ಹೆಮ್ಮಿ ಆಗಿತ್ತು. ಅವೆಲ್ಲಾ ಇದರ ಮುಂದ ಏನೂ ಅಲ್ಲ. ಇಂಥಾಕಿನ್ನ ಕರಕೊಂಡು ಹೋಗಿ ಅಡಗಿಮನಿ ಮೂಲ್ಯಾಗ ಕೂಡಿಸಾಕ ಬಂದಿದ್ದೆನಲ್ಲ ಅಂತ ನನ್ನ ಮ್ಯಾಲೆ ನನಗ ಹೇಸಿಗಿ ಬಂತು.

ಗೌರಾ ಕೈ ತೊಳಕೊಂಡು ಬಂದು, ಅರ್ಜಿ ತಾ ಅಣ್ಣಾ, ಸಹಿ ಹಾಕಿಬಿಡತೀನಿ ಅಂದಳು. ನಾ ಆಗಲೇ ಆ ಕಾಗದದಾಗ ನಾಕು ಶೇಂಗಾ ಹೋಳಿಗಿ ಸುತ್ತಿ ಮೌಲಾಸಾಬಗ ಕೊಟ್ಟಿದ್ದೆ. ಅಂವ ಒಂದು ತಿಂದು, ಎಣ್ಣಿ ಹತ್ತಿದ ಕಾಗದದಾಗ ಉಳಿದ ಮೂರು ಮತ್ತ ಸುತ್ತಿಡತಿದ್ದ. ಗೌರಾ ಅದನ್ನ ನೋಡಿದಳು, ನನ್ನ ನೋಡಿದಳು.

"ಸರೋಜನ ಲಗ್ನ?"

"ನಿನ್ನ ಬಿಟ್ಟು ಬಾ ಅನ್ನೋ ಮನಿಗೆ ನನ್ನ ಮಗಳನ್ನ ಕೊಡೂದಿಲ್ಲ."

ಆಕಿ ಸೆರಗಿನಿಂದ ಮುಖ ಒರಸಿಕೊಂಡಳು. ಬೆವರು ಅಂದಳು. ಮೌಲಾಸಾಬ ಮೆಲ್ಲಕ ನನ್ನ ಕಡೆ ಬಂದು, ತಾವು ಬಾಯಾರಿಗೆ ಏನಾಗಬೇಕ್ರಿ ಅಂತ ಕೇಳಿದ. ನಾ ಬಾಯಾರ ಅಣ್ಣ ಅಂತ ಇಡೀ ಬಸ್ಸಿಗೆ ಕೇಳಸೂಹಂಗ ಹೇಳಿದೆ.

ಅಲ್ಲಿಂದ ಗೌರಾನ ಜೋಡಿ ಯಾರದೋ ಬಂಡ್ಯಾಗ ಕೂತು ದೇವದುರ್ಗಕ್ಕ ಹೋಗಿ ನಾಕು ದಿನ ಇದ್ದೆ. ಊರಾಗ ಎಲ್ಲೆಲ್ಲಿ ಕೆಟ್ಟ ಗಡಿಯಾರ ಇದ್ದವೋ ಎಲ್ಲಾ ಬಂದವು, ಬಾಯಾರ ಅಣ್ಣ ಅಂತ. ಒಂದೂ ಬಿಡದ ದುರಸ್ತಿ ಮಾಡಿ ಕೊಟ್ಟೆ.

ಗದಗ

ಹುಡುಗನ ತಂದಿ ಬಂದು ಪಡಸಾಲ್ಯಾಗ ಕೂತರು. ತಂಗಿನ್ನ ಕರಕೊಂಡು ಬಂದಿರೇನು ಅಂದರು. ಇಲ್ಲ ಅಂದೆ. ಯಾಕ ಅಂತ ಕೇಳಿದರು, ಮಲ್ಲಟದ ಕಥಿ ಎಲ್ಲಾ ಹೇಳಿದೆ. ಕಡೀತನಕ ಕೇಳಿ, ವಿಚಾರ ಮಾಡಿ ತಿಳಸತೀವಿ ಅಂತ ಕೋಲು ಹಿಡಕೊಂಡು ಎದ್ದರು. ಎಲಿ ಅಡಿಕಿ ಮುಟ್ಟಲಿಲ್ಲ. ಆ ಸಂಬಂಧ ಮುರದಂಗ ಅಂತ ನನಗೂ ತಿಳೀತು, ಚಿಲಕದ ಹಿಂದ ನಿಂತಾಕಿಗೂ ತಿಳೀತು. ಹೆಂಡತಿ ಅಳಾಕ ಹತ್ತಿದಳು. ನನಗ ಬೈದಳು, ಬೈಯಬೇಕಾದ್ದ ಬೈದಳು.

ನನಗ ಅಂಜಿಕಿ ಇದ್ದದ್ದು ಸರೋಜಂದು. ಮಗಳ ಬಾಳಿನ ಮಾತು ಆಕಿನ್ನ ಕೇಳದ ನಾ ತೀರ್ಮಾನ ಮಾಡಿ ಬಂದಿದ್ದೆ. ಆಕಿ ಹಿತ್ತಲದಾಗ ಭಾಂಡಿ ತಿಕ್ಕತಿದ್ದಳು. ಹೋಗಿ ನಿಂತೆ. ಆಕಿ ತಲಿ ಎತ್ತದ ಕೇಳಿದಳು, ಆ ಮಲ್ಲಟದ ಕೂಸೂ ಅಡ್ಡಾಗಿತ್ತೇನಪ್ಪ, ಅತ್ತಿ ಅದನ್ನ ಹೆಂಗ ತಿರುಗಿಸಿದಳು ಅಂತ. ನನಗೇನು ಗೊತ್ತವ್ವಾ, ನಾ ಹೊರಗ ಕೂತಿದ್ದೆ ಅಂದೆ. ಆಕಿ ಕೈ ತೊಳಕೊಂಡು ಎದ್ದಳು.

"ಅಪ್ಪಾ, ದೇವದುರ್ಗಕ್ಕ ಯಾವ ಬಸ್ಸಿಗೆ ಹೋಗಬೇಕು? ನಾ ಅತ್ತಿ ಕಡೆ ಹೋಗಿ ಆ ಕೆಲಸ ಕಲೀತೀನಿ."

ಒಳಗ ಅಳು ನಿಂತಿತು. ನಾ ಮಗಳನ್ನ ಕಟ್ಟಿಮ್ಯಾಲೆ ಕೂಡಿಸಿಕೊಂಡು ದಾರಿ ಹೇಳಿಕೊಟ್ಟೆ. ಫಲಕ ಓದಾಕ ಹೋಗಬ್ಯಾಡ, ಟೈಮ್ ಕೇಳಬ್ಯಾಡ, ಎಲ್ಲಿ ಸುತ್ತಿಸತಾರ ಅಂತ ಗಾಬರಿ ಆಗಬ್ಯಾಡ. ಬಸ್ಸಿನಾಗ ಯಾರ ಮಗಳು ಅಂತ ಕೇಳಿದರ ನನ್ನ ಹೆಸರು ಹೇಳಬ್ಯಾಡ, ಅದು ಅಲ್ಲಿ ನಡಿಯೂದಿಲ್ಲ. ಗೌರವ್ವ ಬಾಯಾರ ಅಣ್ಣನ ಮಗಳು ಅನ್ನು, ಅವರ ಮನಿತನಕ ಮುಟ್ಟಸತಾರ.